ಕೈ ಊರದೆ ಏಳುವ ತನಕ

(ಕ್ಯಾನ್ಸರ್ ಚಿಕಿತ್ಸೆ ಪಡೆದವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತಿನ ಬರಹ ರೂಪ)

ಮಾತಿಗೆ ಮೊದಲು ಒಂದು ಸಣ್ಣ ಪರೀಕ್ಷೆ. ಕುಳಿತಿರುವ ಕುರ್ಚಿಯ ಅಂಚಿಗೆ ಸರಿದು ಬನ್ನಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಲಿ, ಹಿಮ್ಮಡಿ ಮಂಡಿಗಿಂತ ತುಸು ಹಿಂದೆ ಇರಲಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಎದ್ದು ನೆಟ್ಟಗೆ ನಿಲ್ಲಿ, ಮತ್ತೆ ಮೆಲ್ಲಗೆ ಕುಳಿತುಕೊಳ್ಳಿ. ಕೈ ಊರದೆ ಆಯಿತೇ? ಆಗದವರು ಬೇಸರ ಮಾಡಿಕೊಳ್ಳಬೇಡಿ, ಇವತ್ತಿನ ಮಾತೆಲ್ಲ ನಿಮಗಾಗಿಯೇ. ತಲೆ ಸುತ್ತುವವರು, ಮೂಳೆಗೆ ರೋಗ ಹರಡಿದೆ ಎಂದು ವೈದ್ಯರು ಹೇಳಿರುವವರು ಸುಮ್ಮನೆ ನೋಡುತ್ತಿರಿ ಸಾಕು.

ಮನೆಗೆ ಹೋದ ಮೇಲೆ ಇದನ್ನೇ ಗಡಿಯಾರ ಇಟ್ಟುಕೊಂಡು ಮಾಡಿ. ಕುರ್ಚಿ ಗೋಡೆಗೆ ಆತುಕೊಂಡಿರಲಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದಿರಿ ಎಂದು ಎಣಿಸಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ತಾರೀಖಿನ ಕೆಳಗೆ ಬರೆದಿಡಿ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಬಳಸುವ ಪಟ್ಟಿಯ ಪ್ರಕಾರ 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಕಿಮೋ ಮುಗಿಸಿ ಬಂದ ನಲವತ್ತೈದರ ವಯಸ್ಸಿನವರೂ ಐದಾರಕ್ಕೇ ನಿಂತುಬಿಡುವುದುಂಟು. ಎರಡು ವಾರಕ್ಕೊಮ್ಮೆ ಮತ್ತೆ ಎಣಿಸಿ. ರಕ್ತದ ರಿಪೋರ್ಟಿನಲ್ಲಿ ಕಾಣದ್ದು ಈ ಸಂಖ್ಯೆಯಲ್ಲಿ ಕಾಣುತ್ತದೆ.

ಏಳುವುದಕ್ಕೆ ಇಷ್ಟು ಮಹತ್ವ ಯಾಕೆ? ಚಿಕಿತ್ಸೆ ಮುಗಿದವರನ್ನು ‘ನಿಮಗೆ ಮೊದಲು ಏನು ವಾಪಸ್ ಬೇಕು’ ಎಂದು ಕೇಳಿದರೆ ಕೆಲಸ, ಸಂಬಳ, ಓಡಾಟ ಆಮೇಲೆ ಬರುತ್ತವೆ. ಮೊದಲು ಬರುವುದು ಬಚ್ಚಲು. ಯಾರ ಕೈಯನ್ನೂ ಹಿಡಿಯದೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಎದ್ದು ಬರುವುದು. ಸೊಸೆಯ ಎದುರು, ಮಗನ ಎದುರು ಕಳೆದುಕೊಂಡ ಮಾನ ಅಲ್ಲಿದೆ. ಆ ಕೆಲಸಕ್ಕೆ ಬೇಕಾದದ್ದು ತೊಡೆಯ ಮತ್ತು ಪೃಷ್ಠದ ಸ್ನಾಯು. ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮೊದಲು ಕರಗುವುದೂ ಅದೇ.

ಕರಗುವುದು ಎಷ್ಟು ಬೇಗ ಎಂದು ತಿಳಿದರೆ ಗಾಬರಿಯಾಗುತ್ತದೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಹಾಸಿಗೆಯಲ್ಲಿ ಮಲಗಿಸಿದರು. ಅಷ್ಟರಲ್ಲೇ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಹೋಗಿತ್ತು. ಅವರು ಆರೋಗ್ಯವಂತರು, ಹೊಟ್ಟೆತುಂಬ ಉಂಡವರು. ನಮ್ಮವರಿಗೆ ಮಲಗುವುದರ ಜೊತೆಗೆ ಇನ್ನೂ ಎರಡು ಏಟು. ಒಂದು, ವಾಂತಿ ಬಾರದಿರಲಿ, ಅಲರ್ಜಿ ಆಗದಿರಲಿ ಎಂದು ಕಿಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್. ಆ ಔಷಧಿ ಬೇಕೇ ಬೇಕು, ನೀವಾಗಿ ನಿಲ್ಲಿಸುವಂತಿಲ್ಲ. ಆದರೆ ಹೆಚ್ಚು ದಿನ ತೆಗೆದುಕೊಂಡರೆ ಸೊಂಟ, ತೊಡೆ, ಭುಜದ ಸ್ನಾಯುಗಳೇ ಸೊರಗುತ್ತವೆ. ನೆಲಮಟ್ಟದ ಕಕ್ಕಸಿನಲ್ಲಿ ಕುಳಿತವರಿಗೆ ಏಳಲಾಗದಿರುವುದು, ಅಟ್ಟದ ಡಬ್ಬಿಗೆ ಕೈ ಏರದಿರುವುದು ಅದರ ಗುರುತು. ಇನ್ನೊಂದು ಏಟು ಊಟದ್ದು, ಅದನ್ನು ಆಮೇಲೆ ಹೇಳುತ್ತೇವೆ.

ಈಗ ಸುಸ್ತು. ಹೊಲದಲ್ಲಿ ದುಡಿದು ಬಂದಾಗ ಆಗುವ ಆಯಾಸ ಒಂದು ನಿದ್ದೆಗೆ ಇಳಿಯುತ್ತದೆ. ಈ ನಿತ್ರಾಣ ಹಾಗಲ್ಲ, ಹತ್ತು ಗಂಟೆ ಮಲಗಿ ಎದ್ದರೂ ಹೇಗಿತ್ತೋ ಹಾಗೇ ಇರುತ್ತದೆ. ‘ರೆಸ್ಟ್ ತಗೊಳ್ಳಿ’ ಎಂದು ನೆಂಟರಿಷ್ಟರೆಲ್ಲ ಹೇಳುತ್ತಾರೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಚಿಕ್ಕ ಕೆಲಸಕ್ಕೂ ಏದುಸಿರು ಬರುತ್ತದೆ, ಏದುಸಿರು ಬಂತೆಂದು ಮತ್ತೆ ಮಲಗುತ್ತಾರೆ. ಗಾಣದೆತ್ತಿನ ಸುತ್ತು ಇದು.

ಇದನ್ನು ಮುರಿಯುವ ಮೊದಲು ಒಂದು ಕೆಲಸ ಆಗಬೇಕು. ಸುಸ್ತಿಗೆ ಸರಿಪಡಿಸಬಹುದಾದ ಕಾರಣ ಇದೆಯೇ ಎಂದು ವೈದ್ಯರಿಂದ ನೋಡಿಸಿಕೊಳ್ಳಿ. ಹಿಮೋಗ್ಲೋಬಿನ್ ಎಷ್ಟಿದೆ? 8 ಗ್ರಾಂಗಿಂತ ಕೆಳಗಿದ್ದರೆ ಅವರನ್ನು ಕೇಳದೆ ನಡಿಗೆ ಹೆಚ್ಚಿಸಬೇಡಿ. ಕುತ್ತಿಗೆಗೆ ರೇಡಿಯೇಷನ್, ನಮ್ಮ ಜನ ‘ಕರೆಂಟು ಕೊಟ್ಟರು’ ಎನ್ನುತ್ತಾರಲ್ಲ, ಅದು ಆಗಿದ್ದರೆ ಥೈರಾಯ್ಡ್ ಗ್ರಂಥಿ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಸೋಲಬಹುದು. ಹಾಗಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ಹೇಗಿದೆ ಎಂದು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕು. ಇದನ್ನು ಮರೆತು ‘ಕ್ಯಾನ್ಸರ್ ಬಂದವರಿಗೆ ಸುಸ್ತು ಇದ್ದದ್ದೇ’ ಎಂದು ಕುಳಿತವರು ಬಹಳ. ನೋವು, ರಾತ್ರಿ ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದ ಖಿನ್ನತೆ, ಇವೂ ಸುಸ್ತಿನ ವೇಷದಲ್ಲೇ ಬರುತ್ತವೆ. ಖಿನ್ನತೆಗೆ ಮಾತ್ರೆ ಇದೆ ಎಂದು ಹೇಳಲು ನಾಚಿಕೆ ಬೇಡ.

ಅವೆಲ್ಲ ಸರಿಯಿದ್ದರೆ ಮದ್ದು ನಡಿಗೆ ಮತ್ತು ಭಾರ. 2019ರಲ್ಲಿ ಹಲವು ದೇಶಗಳ ತಜ್ಞರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಪ್ರಮಾಣ ಹೇಳಿದರು: ವಾರಕ್ಕೆ ಮೂರು ದಿನ 30 ನಿಮಿಷದ ಮಧ್ಯಮ ವೇಗದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಭಾರದ ಕೆಲಸ, ಕನಿಷ್ಠ 8ರಿಂದ 12 ವಾರ. ಇಷ್ಟು ಮಾಡಿದರೆ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ, ಮೈ ಕೈ ಕೆಲಸಕ್ಕೆ ಬಗ್ಗುತ್ತದೆ. ಎರಡು ವಾರ ಮಾಡಿ ‘ಏನೂ ಆಗಲಿಲ್ಲ’ ಎಂದು ಬಿಡುವವರು ‘8ರಿಂದ 12 ವಾರ’ ಎಂಬುದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಆದರೆ 30 ನಿಮಿಷ ಮೊದಲ ದಿನದ ಲೆಕ್ಕವಲ್ಲ. ಆಸ್ಪತ್ರೆಯಿಂದ ಬಂದವರು 5 ನಿಮಿಷದಿಂದ ಶುರು ಮಾಡಿ, ದಿನಕ್ಕೆ ಮೂರು ಸಲ. ಅಂಗಳದಲ್ಲೋ ವರಾಂಡದಲ್ಲೋ ಆದರೂ ಸರಿ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದು ಮಧ್ಯಮ ವೇಗ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆದರೆ ವೇಗ ಜಾಸ್ತಿಯಾಯಿತು. ಮೂರು ದಿನ ಸುಖವಾಗಿ ಆದರೆ ಪ್ರತಿ ಸಲಕ್ಕೆ ಒಂದೆರಡು ನಿಮಿಷ ಸೇರಿಸಿ. ಮರುದಿನ ಬೆಳಿಗ್ಗೆ ಎದ್ದಾಗಿನ ಸುಸ್ತೇ ನಿಮ್ಮ ತಕ್ಕಡಿ: ನಿನ್ನೆಗಿಂತ ಹೆಚ್ಚಿದ್ದರೆ ಹಿಂದಿನ ಪ್ರಮಾಣಕ್ಕೆ ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ.

ಹೆಚ್ಚು ಜನ ಎಡವುವುದು ಚೆನ್ನಾಗಿರುವ ದಿನ. ಒಂದು ದಿನ ಮೈ ಹಗುರ ಅನಿಸುತ್ತದೆ, ಬಾಕಿ ಬಿದ್ದ ಬಟ್ಟೆ ಒಗೆದು, ಅಡುಗೆ ಮಾಡಿ, ಮನೆ ಸಾರಿಸಿ, ಸಂಜೆ ದೇವಸ್ಥಾನಕ್ಕೂ ಹೋಗಿಬರುತ್ತಾರೆ. ಮುಂದಿನ ಮೂರು ದಿನ ಹಾಸಿಗೆ. ಮನೆಯವರು ‘ಹೇಳಿದ್ದೆವಲ್ಲ, ಓಡಾಡಬೇಡ ಅಂತ’ ಎನ್ನುತ್ತಾರೆ. ಓಡಾಡಿದ್ದು ತಪ್ಪಲ್ಲ, ನಾಲ್ಕು ದಿನದ್ದನ್ನು ಒಂದೇ ದಿನ ಮಾಡಿದ್ದು ತಪ್ಪು. ಒಳ್ಳೆಯ ದಿನವೂ ಗೊತ್ತು ಮಾಡಿದಷ್ಟೇ, ಕೆಟ್ಟ ದಿನವೂ ಅದರ ಅರ್ಧವಾದರೂ. ಇನ್ನೂ ಕಿಮೋ ನಡೆಯುತ್ತಿರುವವರಿಗೆ 21 ದಿನಕ್ಕೊಮ್ಮೆ ಸೂಜಿ ಇದ್ದರೆ ಮೊದಲ ನಾಲ್ಕೈದು ದಿನ ಸಾಮಾನ್ಯವಾಗಿ ಬಹಳ ನಿತ್ರಾಣ. ಆಗ ಮನೆಯೊಳಗಿನ ಓಡಾಟ ಸಾಕು. ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತಳಕ್ಕಿಳಿದಿರುತ್ತವೆ, ನಡೆಯಿರಿ, ಆದರೆ ಸೋಂಕು ತಗಲುವ ಸಂತೆ, ಮದುವೆಮನೆ ಬೇಡ. ಮೂರನೇ ವಾರ ನಿಮ್ಮದು, ಪ್ರಮಾಣ ಏರಿಸುವುದು ಆಗ.

ನಡಿಗೆಯೊಂದರಿಂದಲೇ ತೊಡೆ ಬಲಿಯುವುದಿಲ್ಲ. ಅದಕ್ಕೆ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಟ್ಟು, ಈಗ ಮಾಡಿದ ಏಳು-ಕೂರು ಬೇಕು. 8 ಸಲ, ಎರಡು ನಿಮಿಷ ವಿರಾಮ, ಮತ್ತೆ 8 ಸಲ. ಕೈ ಊರದೆ ಆಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಇಟ್ಟು ಎತ್ತರ ಮಾಡಿ. ಎತ್ತರ ಹೆಚ್ಚಿದಷ್ಟೂ ಸುಲಭ. ಎರಡು ಬಾರಿಯೂ 12ಕ್ಕೆ ಮುಟ್ಟಿದ ಮೇಲೆ ದಿಂಬು ತೆಗೆಯಿರಿ. ಅದೂ ಸುಲಭವಾದರೆ ಕೂರುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿಕೊಂಡು ಕೂರಿ. ದೊಪ್ಪೆಂದು ಬೀಳುವವರಿಗೆ ಅರ್ಧ ವ್ಯಾಯಾಮ ನಷ್ಟ, ಯಾಕೆಂದರೆ ಇಳಿಯುವಾಗ ತಡೆಹಿಡಿಯುವುದೇ ಸ್ನಾಯುವಿಗೆ ದೊಡ್ಡ ಕೆಲಸ. ಉಸಿರು ಕಟ್ಟಬೇಡಿ, ಏಳುವಾಗ ಬಾಯಿಂದ ಬಿಡಿ. ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಗೆ ಬಾಗಿದರೆ ಪಾದಗಳನ್ನು ಸೊಂಟದಗಲಕ್ಕೆ ಇಟ್ಟುಕೊಳ್ಳಿ. ಇದರ ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು 10 ಸಲ, ಗೋಡೆಗೆ ಅಂಗೈ ಊರಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದೆ ತಳ್ಳುವುದು 10 ಸಲ. ಮನೆಯಲ್ಲಿ ಇಷ್ಟು ಸಾಕು. ರಕ್ತ ಹೆಪ್ಪುಗಟ್ಟಿಸುವ ಕಣಗಳು, ಅಂದರೆ ಪ್ಲೇಟ್‌ಲೆಟ್, 50 ಸಾವಿರಕ್ಕಿಂತ ಕಡಿಮೆಯಿದ್ದಾಗ ಭಾರದ ವ್ಯಾಯಾಮ ಬೇಡ, 20 ಸಾವಿರಕ್ಕಿಂತ ಕೆಳಗಿದ್ದರೆ ಅಗತ್ಯದ ಓಡಾಟ ಮಾತ್ರ.

ಊಟದ ಮಾತು. ಕಾಯಿಲೆಯವರಿಗೆ ಗಂಜಿ ಕೊಡುವುದು ನಮ್ಮಲ್ಲಿ ಪ್ರೀತಿಯ ಇನ್ನೊಂದು ಹೆಸರು. ಲೆಕ್ಕ ಹಾಕಿ ನೋಡೋಣ. ಒಂದು ಲೋಟ ರಾಗಿ ಗಂಜಿಗೆ ಎರಡು ದೊಡ್ಡ ಚಮಚ ಹಿಟ್ಟು, ಅಂದರೆ 20 ಗ್ರಾಂ. ಅದರಲ್ಲಿರುವ ಪ್ರೋಟೀನು ಒಂದೂವರೆ ಗ್ರಾಂ. ದಿನಕ್ಕೆ ಐದು ಲೋಟ ಕುಡಿದರೂ ಏಳೆಂಟು ಗ್ರಾಂ ದಾಟುವುದಿಲ್ಲ. ಬೇಕಾದದ್ದು ಎಷ್ಟು? ಮೈತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ. 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಗಂಜಿಯಿಂದ ಸ್ನಾಯು ಕಟ್ಟುವುದು ಮರಳಿನಿಂದ ಮಾತ್ರ ಗೋಡೆ ಕಟ್ಟಿದ ಹಾಗೆ.

ಅಷ್ಟನ್ನು ಮನೆಯ ಊಟದಲ್ಲೇ ತರಬಹುದು, ದುಬಾರಿ ಪುಡಿ ಡಬ್ಬಿಯೇ ಬೇಕೆಂದಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ, 12 ಗ್ರಾಂ. ಒಂದು ಲೋಟ ಹಾಲು, 6. ಹನ್ನೊಂದು ಗಂಟೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, 30 ಗ್ರಾಂ ತೂಕ, ಅದರಲ್ಲಿ 7. ಮಧ್ಯಾಹ್ನ ಅನ್ನವೋ ಮುದ್ದೆಯೋ, ಅದಕ್ಕೆ 6. ತಿಳಿಸಾರಲ್ಲ, ಚಮಚ ನಿಲ್ಲುವಂಥ ಗಟ್ಟಿ ಬೇಳೆ, 7. ಒಂದು ಬಟ್ಟಲು ಮೊಸರು, 5. ಸಂಜೆ ಹೆಸರುಕಾಳಿನ ಉಸಲಿ, 7. ರಾತ್ರಿ ಮತ್ತೆ ಅನ್ನ-ಬೇಳೆ, 13. ಕೂಡಿಸಿ, 63 ಆಯಿತು. ಮೊಟ್ಟೆ ತಿನ್ನದವರು ಅದರ ಜಾಗಕ್ಕೆ 60 ಗ್ರಾಂನಷ್ಟು ಪನೀರ್ ಹಾಕಿಕೊಳ್ಳಿ. ಬಾಯಿ ಹುಣ್ಣಾಗಿ ಗಂಜಿ ಬಿಟ್ಟು ಏನೂ ಇಳಿಯದು ಅನ್ನುವವರು ಗಂಜಿಯನ್ನೇ ಬಲಪಡಿಸಿ: ನೀರಿನ ಬದಲು ಹಾಲಿನಲ್ಲಿ ಕಾಯಿಸಿ, ಎರಡು ಚಮಚ ಹಾಲಿನ ಪುಡಿ, ಒಂದು ಚಮಚ ಕಡಲೆಕಾಯಿ ಬೀಜದ ನುಣ್ಣನೆ ಪುಡಿ, ಸ್ವಲ್ಪ ತುಪ್ಪ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ಡಯಟೀಷಿಯನ್ ಹತ್ತಿರ ತೋರಿಸಿ ಮುಂದುವರಿಯಬೇಕು.

‘ಮೊಟ್ಟೆ ನಂಜು, ಬೇಳೆ ನಂಜು, ಹೊಲಿಗೆ ಕೀವಾಗುತ್ತದೆ’ ಎಂದು ಅಜ್ಜಿ ಹೇಳಿದ್ದು ಎಲ್ಲರ ಮನೆಯಲ್ಲೂ ಇದೆ. ಗಾಯ ಕೂಡಲು ಬೇಕಾದ ಸಾಮಾನೇ ಪ್ರೋಟೀನು. ಅಜ್ಜಿಯ ಜೊತೆ ಜಗಳ ಬೇಡ, ತಟ್ಟೆಗೆ ಮೊಟ್ಟೆ ಹಾಕಿ.

ಇನ್ನು ಒಂದೊಂದು ಚಿಕಿತ್ಸೆ ಬಿಟ್ಟುಹೋಗುವ ತೊಂದರೆಗಳು. ಬಾಯಿಯಿಂದ ಶುರು ಮಾಡೋಣ, ಅಡಿಕೆ ತಂಬಾಕಿನ ಈ ನಾಡಿನಲ್ಲಿ ಅದೇ ದೊಡ್ಡದು. ಗುಟ್ಕಾ ಮಾರಾಟವನ್ನು ಕರ್ನಾಟಕ 2013ರಲ್ಲೇ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಅಂಗಡಿಯ ಮುಂದೆ ತೂಗುತ್ತಲೇ ಇವೆ. ಅಡಿಕೆ ಅಗಿದವರ ಕೆನ್ನೆ ಒಳಗೆ ಮೊದಲೇ ನಾರುಗಟ್ಟಿರುತ್ತದೆ. ಅದರ ಮೇಲೆ ಆಪರೇಷನ್ನು, ರೇಡಿಯೇಷನ್ನು. ದವಡೆಯ ಸ್ನಾಯು ಗಟ್ಟಿಯಾಗಿ ಬಾಯಿ ದಿನದಿನಕ್ಕೆ ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತರ ಬಾಯಿಗೆ ಅವರದೇ ಮೂರು ಬೆರಳು ನೆಟ್ಟಗೆ ಹೋಗುತ್ತವೆ. ಮೇಲಿನ ಕೆಳಗಿನ ಮುಂದಿನ ಹಲ್ಲುಗಳ ನಡುವೆ 35 ಮಿಲಿಮೀಟರ್‌ಗಿಂತ ಕಡಿಮೆ ತೆರೆದರೆ ಬಾಯಿ ಬಿಗಿದಿದೆ ಎಂದು ಅರ್ಥ. ತುತ್ತು ಹೋಗುವುದಿಲ್ಲ, ಹಲ್ಲುಜ್ಜಲಾಗುವುದಿಲ್ಲ. ರೋಗ ಮರಳಿದೆಯೇ ಎಂದು ವೈದ್ಯರಿಗೆ ಒಳಗೆ ನೋಡಲೂ ಆಗುವುದಿಲ್ಲ.

ಇದಕ್ಕೆ ಸಾಧನ ಐಸ್‌ಕ್ರೀಮ್ ಕಡ್ಡಿ. ಹೊಸ ಕಡ್ಡಿಗಳ ಕಟ್ಟು ತನ್ನಿ. ಹತ್ತನ್ನು ಒಂದರ ಮೇಲೊಂದು ಜೋಡಿಸಿ ಸ್ಕೇಲಿನಲ್ಲಿ ಅಳೆಯಿರಿ, ಸಾಮಾನ್ಯವಾಗಿ 2 ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಈಗ ನಿಮ್ಮ ಬಾಯಿಗೆ ಎಷ್ಟು ಸಲೀಸಾಗಿ ಹಿಡಿಯುತ್ತವೋ ಅಷ್ಟನ್ನು ಒಟ್ಟು ಮಾಡಿ, ತುದಿಗೆ ಶುದ್ಧ ಗಾಜ್ ಬಟ್ಟೆ ಸುತ್ತಿ, ಹಿಂದಿನ ಹಲ್ಲುಗಳ ನಡುವೆ ಇಡಿ. ಅಲ್ಲಾಡುವ ಮುಂದಿನ ಹಲ್ಲಿನ ಮೇಲೆ ಭಾರ ಹಾಕಬೇಡಿ. ಎಳೆತ ಗೊತ್ತಾಗಬೇಕು, ಕಣ್ಣಲ್ಲಿ ನೀರು ಬರಬಾರದು. 30 ಸೆಕೆಂಡು ಹಿಡಿದು ತೆಗೆಯಿರಿ. ಹೀಗೆ ಐದು ಸಲ ಮಾಡಿದರೆ ಒಂದು ಸರದಿ. ದಿನಕ್ಕೆ ಐದು ಸರದಿ: ಎದ್ದಾಗ, ಮೂರು ಊಟದ ಮುಂಚೆ, ಮಲಗುವಾಗ. ಮೊದಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಕೆನ್ನೆಗಿಟ್ಟರೆ ಬಿಗಿ ಸಡಿಲಾಗುತ್ತದೆ. ಆದರೆ ಆ ಕೆನ್ನೆಗೆ ಸ್ಪರ್ಶ ಗೊತ್ತಾಗದಿದ್ದರೆ, ರೇಡಿಯೇಷನ್ನಿನ ಚರ್ಮ ಇನ್ನೂ ಕೆಂಪಾಗಿದ್ದರೆ ಶಾಖ ಬೇಡ. ಮೂರು ನಾಲ್ಕು ದಿನಕ್ಕೆ ಒಂದು ಕಡ್ಡಿ ಹೆಚ್ಚಿಸಲು ನೋಡಿ. ನುಗ್ಗದಿದ್ದರೆ ಬಲವಂತ ಬೇಡ, ಮರುವಾರ ನೋಡಿ. ದವಡೆಯ ಮೂಳೆ ತೆಗೆದು ಪ್ಲೇಟ್ ಹಾಕಿದ್ದರೆ, ತೊಡೆಯ ಅಥವಾ ಎದೆಯ ಮಾಂಸ ಇಟ್ಟು ಹೊಲಿದಿದ್ದರೆ ಯಾವ ದಿನದಿಂದ ಶುರು ಎಂದು ಸರ್ಜನ್ ಬಾಯಿಂದಲೇ ಕೇಳಿಕೊಳ್ಳಿ.

ಬಾಯಿ ಚೆನ್ನಾಗಿ ತೆರೆಯಿತು ಎಂದು ನಾಲ್ಕು ತಿಂಗಳಿಗೆ ಕಡ್ಡಿ ಬಿಸಾಡುವವರಿದ್ದಾರೆ. ರೇಡಿಯೇಷನ್ ಮುಗಿದರೂ ಅದು ಎಬ್ಬಿಸಿದ ನಾರುಗಟ್ಟುವಿಕೆ ವರ್ಷಗಟ್ಟಲೆ ಒಳಗೇ ನಡೆಯುತ್ತಿರುತ್ತದೆ. ಹಲ್ಲುಜ್ಜುವ ಹಾಗೆ ಇದೂ ಒಂದು ದಿನಚರಿ ಎಂದುಕೊಳ್ಳಿ. ಇನ್ನೊಂದು, ದವಡೆಗೆ ಕರೆಂಟು ಕೊಟ್ಟವರು ಎಷ್ಟು ವರ್ಷವಾದರೂ ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಆ ವಿಷಯ ಹೇಳಲೇಬೇಕು. ಹೇಳದೆ ಕೀಳಿಸಿದರೆ ಮೂಳೆ ಕೂಡದೆ ಕೊಳೆಯುವ ಅಪಾಯವಿದೆ.

ಸ್ತನದ ಆಪರೇಷನ್ ಆದವರ ಭುಜ ಎರಡನೆಯದು. ಗಾಯದ ನೀರು ಹೊರಗೆ ಹರಿಸುವ ಡ್ರೈನ್ ನಳಿಕೆ ಇರುವಷ್ಟು ದಿನ ಕೈ ಭುಜದ ಮಟ್ಟದವರೆಗೆ ಎತ್ತಿದರೆ ಸಾಕು. ಆದರೆ ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು ಮೊದಲ ದಿನದಿಂದಲೇ. ನಳಿಕೆ ತೆಗೆದು ವೈದ್ಯರು ಹೂಂ ಎಂದ ಮೇಲೆ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದಂತೆ ಮೇಲೆ ಹತ್ತಿಸಿ. ಎಳೆತ ಗೊತ್ತಾದಲ್ಲಿ ನಿಲ್ಲಿಸಿ, ಮೂರು ಸಲ ಉಸಿರಾಡುವಷ್ಟು ಹೊತ್ತು ಹಾಗೇ ಇದ್ದು ಇಳಿಸಿ. ಅಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ದಿನಕ್ಕೆ ಮೂರು ಸಲ, ಒಂದು ಸಲಕ್ಕೆ ಹತ್ತು. ಗೆರೆ ಏರುತ್ತಾ ಹೋಗಬೇಕು. ಇದಕ್ಕೆ ಒಂದು ಗಡುವೂ ಇದೆ: ಎದೆಗೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲೆ ಎತ್ತಿ ಮಲಗಬೇಕು. ಕೈ ಏರದಿದ್ದರೆ ರೇಡಿಯೇಷನ್ನಿನ ಜಾಗ ಗುರುತು ಮಾಡುವ ಪ್ಲಾನಿಂಗೇ ಮುಂದಕ್ಕೆ ಹೋಗುತ್ತದೆ. ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದ ಹಾಗೆ ಕಂಡರೆ ಹೆದರಬೇಡಿ, ನಿಧಾನ ಎಳೆತದಿಂದ ವಾರಗಳಲ್ಲಿ ಸಡಿಲಾಗುತ್ತದೆ. ನೋವೆಂದು ಕೈಯನ್ನು ಮಡಚಿ ಎದೆಗೆ ಒತ್ತಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ಎರಡೂ ಕೈ ಎತ್ತಿ ತಾವೇ ತಲೆ ಬಾಚಿ ಜಡೆ ಹಾಕಿಕೊಂಡ ದಿನ ಭುಜ ಗೆದ್ದಿತು ಎಂದು ತಿಳಿಯಿರಿ.

ಕಂಕುಳಿನ ಗಂಟುಗಳನ್ನು (ದುಗ್ಧ ಗ್ರಂಥಿಗಳನ್ನು) ತೆಗೆದವರಿಗೆ ಆ ಕೈ ಬಾವು ಬರುವ ಸಂಭವ ಮುಂದೆಯೂ ಇರುತ್ತದೆ. ಅದನ್ನು ಮೊದಲು ಹೇಳುವುದು ಬಳೆ. ನಿನ್ನೆ ಸಲೀಸಾಗಿ ಮೊಣಕೈ ಕಡೆಗೆ ಜಾರುತ್ತಿದ್ದ ಬಳೆ ಇವತ್ತು ಅಲ್ಲೇ ನಿಲ್ಲುತ್ತದೆ, ರವಿಕೆಯ ಒಂದೇ ತೋಳು ಬಿಗಿಯಾಗುತ್ತದೆ, ಕೈ ಭಾರ ಅನಿಸುತ್ತದೆ. ಟೈಲರಿನ ಟೇಪು ತೆಗೆದುಕೊಂಡು ತಿಂಗಳಿಗೊಮ್ಮೆ ಎರಡೂ ಕೈಯ ಮಣಿಕಟ್ಟು, ಮೊಣಕೈಯಿಂದ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ ಅಳೆದು ಬರೆಯಿರಿ. ಮೊದಲಿಗಿಂತ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ತೋರಿಸಿ. ಬೇಗ ಹಿಡಿದರೆ ಬಿಗಿ ತೋಳುಚೀಲ, ಬ್ಯಾಂಡೇಜಿನಲ್ಲಿ ಹತೋಟಿಗೆ ಬರುತ್ತದೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು, ಅವತ್ತೇ ಆಸ್ಪತ್ರೆ.

‘ಆ ಕೈಯಲ್ಲಿ ಒಂದು ಚೊಂಬೂ ಎತ್ತಬೇಡಿ’ ಎಂದು ಹಿಂದೆ ಹೇಳುತ್ತಿದ್ದರು, ಈಗಲೂ ಕೆಲವರು ಹೇಳುತ್ತಾರೆ. ಆ ಮಾತು ಹಳತಾಯಿತು. 2009ರಲ್ಲಿ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಕೈಬಾವು ಇದ್ದ 141 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ವಾರಕ್ಕೆರಡು ಸಲ, ಮೇಲ್ವಿಚಾರಣೆಯಲ್ಲಿ, ಸ್ವಲ್ಪ ಸ್ವಲ್ಪವೇ ಭಾರ ಏರಿಸಿದವರ ಬಾವು ಹೆಚ್ಚಾಗಲಿಲ್ಲ, ಉಲ್ಬಣಗೊಳ್ಳುವುದು ಕಡಿಮೆಯೇ ಆಯಿತು. ಕೀಲಿಕೈ ಇರುವುದು ‘ಸ್ವಲ್ಪ ಸ್ವಲ್ಪವೇ’ ಎಂಬಲ್ಲಿ. ಅರ್ಧ ಲೀಟರ್ ನೀರಿನ ಬಾಟಲಿ ಅರ್ಧ ಕಿಲೋ, ಅಲ್ಲಿಂದ ಶುರು. ತುಂಬಿದ ಬಿಂದಿಗೆ ಹತ್ತು ಹದಿನೈದು ಕಿಲೋ, ಅದು ಮೊದಲ ತಿಂಗಳ ಮಾತಲ್ಲ. ಹೊಟ್ಟೆಯ ಮೇಲೆ ಮಲ ಅಥವಾ ಮೂತ್ರ ಹೊರಬರುವ ಸ್ಟೋಮಾ ಚೀಲ ಇರುವವರಂತೂ ಆಪರೇಷನ್ ಆಗಿ ಆರೆಂಟು ವಾರ ಎರಡು ಮೂರು ಕಿಲೋ ದಾಟಿ ಎತ್ತಬೇಡಿ, ಪಕ್ಕದಲ್ಲೇ ಕರುಳು ಹೊರಗೆ ಉಬ್ಬಿ ಹರ್ನಿಯಾ ಆಗಬಹುದು.

ಪಾದಗಳು. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್ ಎಂಬ ಕಿಮೋ ಔಷಧಿ ಪಡೆದವರಿಗೆ ಬೆರಳ ತುದಿಯಿಂದ ಜೋಮು ಏರುತ್ತದೆ. ಹತ್ತಿಯ ಮೇಲೆ ನಡೆದ ಹಾಗೆ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದ ಹಾಗೆ. ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್ ಆದವರಿಗೆ ಕಿಮೋ ನಿಂತ ಮೇಲೂ ಎರಡು ಮೂರು ತಿಂಗಳು ಇದು ಹೆಚ್ಚಾಗುತ್ತಾ ಹೋಗಬಹುದು. ರೋಗ ಮರಳಿತೆಂದು ನಿದ್ದೆ ಕೆಡಿಸಿಕೊಳ್ಳಬೇಡಿ. ಪಾದ ಸುದ್ದಿ ಕೊಡದಿದ್ದಾಗ ಮೈ ಕಣ್ಣನ್ನು ನಂಬಿ ನಿಲ್ಲುತ್ತದೆ. ಹಾಗಾಗಿ ಇಂಥವರು ಬೀಳುವುದು ಕತ್ತಲಲ್ಲಿ, ಇಲ್ಲವೇ ನಿಂತು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಆ ಹತ್ತು ಸೆಕೆಂಡಿನಲ್ಲಿ. ಸ್ನಾನ ಸ್ಟೂಲಿನ ಮೇಲೆ ಕುಳಿತೇ ಮಾಡಿ. ಹಂಡೆಯ ನೀರನ್ನು ಪಾದಕ್ಕೆ ಸುರಿಯುವ ಮುನ್ನ ಮೊಣಕೈಯಿಂದ ನೋಡಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ, ಹವಾಯಿ ಬೇಡ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಮುಳ್ಳು ಚುಚ್ಚಿದ್ದೂ ತಿಳಿದಿರುವುದಿಲ್ಲ. ಸಮತೋಲಕ್ಕೆ ಅಡುಗೆ ಕಟ್ಟೆಯ ಪಕ್ಕ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ 10 ಸೆಕೆಂಡು ನಿಲ್ಲಿ, 30ಕ್ಕೆ ಏರಿಸಿ.

ಬಚ್ಚಲಿಗೆ ಮರಳೋಣ. ನೆಲಮಟ್ಟದ ಕಕ್ಕಸಿನ ಮೇಲಿಡುವ ಕಮೋಡ್ ಸ್ಟೂಲು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಕಾಲಿನ ರಬ್ಬರು ಸವೆದಿಲ್ಲವೆಂದು ನೋಡಿ. ಹಿಡಿಕೆಯನ್ನು ಗೋಡೆಯೊಳಗೆ ಬೋಲ್ಟ್ ಹಾಕಿಸಿ. ಟವೆಲ್ ಹಾಕುವ ಸರಳು ಮನುಷ್ಯರ ಭಾರ ತಡೆಯುವುದಿಲ್ಲ, ಗಾರೆಯ ಸಮೇತ ಕೈಗೆ ಬರುತ್ತದೆ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಇರಲಿ. ಎದ್ದ ಕೂಡಲೇ ನಡೆಯಬೇಡಿ, ಕಾಲು ಇಳಿಬಿಟ್ಟು ಒಂದು ನಿಮಿಷ ಕುಳಿತು, ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿ. ಚಿಲಕದ ವಿಷಯ: ಏಳು-ಕೂರು ಕೈ ಊರದೆ ಐದು ಸಲ ಆಗುವವರೆಗೆ ಬಾಗಿಲು ಓರೆ ಮಾಡಿ, ಹೊರಗೆ ಟವೆಲ್ ತೂಗುಹಾಕಿ. ಟವೆಲ್ ಇದ್ದರೆ ಒಳಗೆ ಯಾರೋ ಇದ್ದಾರೆಂದು ಮನೆಯವರೆಲ್ಲ ಒಪ್ಪಿಕೊಂಡಿರಬೇಕು. ಐದು ದಾಟಿದ ಮೇಲೆ ಚಿಲಕ ನಿಮ್ಮದು.

ಮನೆಯವರಿಗೆ ಒಂದು ಮಾತು, ಕಹಿಯಾದರೂ. ನೀವು ಪ್ರೀತಿಯಿಂದ ನೀರು ತಂದುಕೊಡುತ್ತೀರಿ, ತಟ್ಟೆ ಎತ್ತುತ್ತೀರಿ, ಅಂಗಿಯ ಗುಂಡಿ ಹಾಕುತ್ತೀರಿ. ಆಪರೇಷನ್ ಆದ ಮೊದಲ ವಾರ ಅದು ಸೇವೆ, ಮೂರನೇ ತಿಂಗಳು ಅದೇ ಕಳವು. ವಾರಕ್ಕೆ ಒಂದು ಕೆಲಸ ವಾಪಸ್ ಕೊಡಿ: ಮೊದಲ ವಾರ ತಮ್ಮ ನೀರು ತಾವೇ ತಂದು ಕುಡಿಯುವುದು, ಆಮೇಲೆ ತಮ್ಮ ಮಾತ್ರೆ ಡಬ್ಬಿ, ಆಮೇಲೆ ಕುಳಿತು ತರಕಾರಿ ಹೆಚ್ಚುವುದು, ಬಟ್ಟೆ ಮಡಚುವುದು. ನಿಧಾನವಾಗುತ್ತದೆ. ಗುಂಡಿ ಹಾಕಿಕೊಳ್ಳಲು ಆರು ನಿಮಿಷ ತೆಗೆದುಕೊಂಡರೆ ಆರು ನಿಮಿಷ ಕೈ ಕಟ್ಟಿ ನಿಲ್ಲುವುದೇ ನಿಮ್ಮ ವ್ಯಾಯಾಮ.

ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳನ್ನು ಬರೆದುಕೊಳ್ಳಿ. ಕಿಮೋ ನಡೆಯುತ್ತಿರುವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಬೆಳಗಾಗಲಿ ಎಂದು ಕಾಯಬಾರದು. ಒಂದೇ ಮೀನಖಂಡ ಊದಿ ನೋಯುವುದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿಯಿಡೀ ಬಸ್ಸಿನಲ್ಲಿ ಬರುವವರು ಗಂಟೆಗೊಮ್ಮೆ ಪಾದ ಆಡಿಸಿ, ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿ. ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಎರಡೂ ಪಾದ ಬಾತುಕೊಳ್ಳುವುದು, ಡಾಕ್ಸೋರುಬಿಸಿನ್‌ನಂಥ ಕಿಮೋ ಔಷಧಿ ಪಡೆದವರಲ್ಲಿ ಹೃದಯದ ಕಡೆಯಿಂದ ಬರಬಹುದು. ಹೊಸದಾಗಿ ಬೆನ್ನುನೋವು ಬಂದು ಕಾಲು ಸೋಲುತ್ತಿದ್ದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತುತ್ತಿರಬಹುದು. ಅದರಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಕೊನೆಗೆ ಸಭೆಯಿಂದ ಬಂದ ಎರಡು ಪ್ರಶ್ನೆ.

‘ಇಷ್ಟೆಲ್ಲ ಮೈ ದಂಡಿಸಿದರೆ ಕಾಯಿಲೆ ಕೆರಳುವುದಿಲ್ಲವೇ?’ ಇಲ್ಲ. 2025ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ದೊಡ್ಡಕರುಳಿನ ಕ್ಯಾನ್ಸರಿಗೆ ಆಪರೇಷನ್, ಕಿಮೋ ಮುಗಿಸಿದ 889 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ವರ್ಷ ತರಬೇತಿ ಕೊಟ್ಟು ವ್ಯಾಯಾಮ, ಇನ್ನೊಂದಕ್ಕೆ ಬರೀ ತಿಳಿವಳಿಕೆಯ ಪುಸ್ತಿಕೆ. ಎಂಟು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 90, ಎರಡನೆಯದರಲ್ಲಿ ಶೇ. 83. ಇದು ಕರುಳಿನ ಕ್ಯಾನ್ಸರಿನ ಮಾತು, ಎಲ್ಲಕ್ಕೂ ಹಾಗೇ ಎಂದು ಎಳೆಯುವಂತಿಲ್ಲ. ಔಷಧಿ ಬಿಟ್ಟು ನಡೆದವರ ಕಥೆಯೂ ಅಲ್ಲ, ಔಷಧಿ ಮುಗಿಸಿ ನಡೆದವರದು.

‘ನೆಲದ ಮೇಲೆ ಕುಳಿತು ಉಣ್ಣಬೇಕು ಅಂತ ಆಸೆ. ಕೂತರೆ ಏಳಲಾಗುವುದಿಲ್ಲ.’ ಏಳು-ಕೂರು 12 ಸಲ ಆಗುವ ತನಕ ತಡೆಯಿರಿ. ಆಮೇಲೆ ಚಾಪೆಯ ಪಕ್ಕ ಅಲ್ಲಾಡದ ಕುರ್ಚಿ ಇಟ್ಟುಕೊಂಡು ಇಳಿಯಿರಿ. ಏಳುವಾಗ ನೆಟ್ಟಗೆ ಮೇಲೆ ಎದ್ದು ಬರಲು ಹೋಗಬೇಡಿ, ಎಲ್ಲರೂ ಸೋಲುವುದು ಅಲ್ಲೇ. ಮೊದಲು ಒಂದು ಮಗ್ಗುಲಿಗೆ ತಿರುಗಿ ಎರಡೂ ಅಂಗೈ ಊರಿ, ಅಂಬೆಗಾಲಿಗೆ ಬನ್ನಿ. ಕುರ್ಚಿಯ ಕಡೆ ಮುಖ ಮಾಡಿ ಕೈಗಳನ್ನು ಅದರ ಮೇಲಿಡಿ. ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಇನ್ನೊಂದರ ಬೆರಳನ್ನು ನೆಲಕ್ಕೆ ಒತ್ತಿ, ಉಸಿರು ಬಿಡುತ್ತಾ ಎದ್ದು ತಿರುಗಿ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಮೊದಲ ವಾರ ಊಟಕ್ಕೆ ಮುಂಚೆ ಎರಡು ಸಲ ಬರೀ ಇದನ್ನೇ ಮಾಡಿ, ಊಟ ಕುರ್ಚಿಯಲ್ಲೇ. ಎರಡನೇ ವಾರ ಎಲೆ ನೆಲದ ಮೇಲೆ ಹಾಕಿಸಿ.